ಒಂದು ದಿನದ ಗುಂಡಪ್ಪ

ನಮ್ಮ ಅತ್ತೆಯ ರುಬ್ಬುವ ಒರಳನ್ನು ಒಂದು ದೇಶದ ಸರಕಾರ ಹಿಡಿದಿಟ್ಟುಕೊಂಡಿತ್ತು ಎಂದರೆ ಇವತ್ತಿಗೂ ಯಾರೂ ನಂಬುವುದಿಲ್ಲ. ನಂಬಿದವರೂ ಮೊದಲು ನಗುತ್ತಾರೆ, ಆಮೇಲೆ ಯಾವ ದೇಶ ಎಂದು ಕೇಳುತ್ತಾರೆ. ನಾನು ಹೇಳುವುದಿಲ್ಲ. ಹೇಳಿದರೆ ಅದಕ್ಕೂ ಏನಾದರೊಂದು ಕಾನೂನು ಇದ್ದೀತು. ನನಗೆ ಗೊತ್ತಿಲ್ಲದ ಕಾನೂನು ಎಲ್ಲ ಕಡೆಯೂ ಇರುತ್ತದೆ ಎಂಬುದೊಂದನ್ನೇ ನಾನು ಆ ವರ್ಷಗಳಲ್ಲಿ ಕಲಿತದ್ದು.

ತೊಂಬತ್ತರ ದಶಕದ ನಡುವಿನ ಮಾತು. ನಾವು ಲಂಡನ್ನಿನ ಅಂಚಿನ ಫೆಲ್ಥಮ್‌ನಲ್ಲಿ ಸಾಲುಮನೆಯೊಂದರಲ್ಲಿ ಇದ್ದೆವು. ನನ್ನ ಗಂಡ ವಿಮಾನಗಳಿಗೆ ಊಟ ಕಳಿಸುವ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದರು. ಧಾರವಾಡದಿಂದ ಬಂದು ನಮ್ಮ ಜೊತೆಗೇ ಇದ್ದ ಅತ್ತೆ ತಮ್ಮ ತವರಿನ ಒರಳನ್ನೂ ಅದರ ಗುಂಡನ್ನೂ ಹಡಗಿನಲ್ಲಿ ತರಿಸಿಕೊಂಡಿದ್ದರು. ಮಿಕ್ಸಿಯಲ್ಲಿ ತಿರುವಿದರೆ ಹೂರಣ ಬಿಸಿಯಾಗುತ್ತದೆ, ಬಿಸಿಯಾದ ಹೂರಣಕ್ಕೆ ಜೀವ ಇರುವುದಿಲ್ಲ ಎಂಬುದು ಅವರ ಸಿದ್ಧಾಂತ. ಅವರು ರುಬ್ಬಲು ಕುಳಿತರೆ ಪಕ್ಕದ ಮನೆಯವರು ಗೋಡೆ ಬಡಿಯುತ್ತಿದ್ದರು. ಅತ್ತೆ ಅದನ್ನು ತಾಳ ಎಂದು ತಿಳಿದು ಮುಂದುವರಿಸುತ್ತಿದ್ದರು.

ಒಂದು ಯುಗಾದಿಗೆ ಸೌತ್‌ಹಾಲ್‌ನ ಹಾಲೊಂದರಲ್ಲಿ ಕನ್ನಡದವರೆಲ್ಲ ಸೇರಿದ್ದೆವು. ಯಾರದೋ ಸ್ನೇಹಿತರಾಗಿ ಒಬ್ಬ ಹಿರಿಯ ಅಧಿಕಾರಿ ಬಂದಿದ್ದರು. ಅವರ ದೇಶದ ಸರಕಾರ ಲಂಡನ್ನಿನಲ್ಲಿ ನಡೆಸುತ್ತಿದ್ದ ವ್ಯಾಪಾರ ಕಚೇರಿಗೆ ಅವರೇ ಮುಖ್ಯಸ್ಥರು. ಅತ್ತೆಯ ಹೋಳಿಗೆ ತಿಂದು, ಇನ್ನೊಂದು ತಿಂದು, ಅಡುಗೆಮನೆಗೇ ಬಂದು ಕೈಮುಗಿದರು. ತಮ್ಮ ಕಚೇರಿಯ ನೆಲಮಾಳಿಗೆಯಲ್ಲಿ ಒಳ್ಳೆಯ ಅಡುಗೆಮನೆ ಖಾಲಿ ಬಿದ್ದಿದೆ, ಸಿಬ್ಬಂದಿಗೆ ಮಧ್ಯಾಹ್ನದ ಊಟ ನೀವೇ ಮಾಡಿ ಹಾಕಿ ಎಂದರು. ನನ್ನ ಗಂಡ ಮೂರು ರಾತ್ರಿ ಮಲಗಲಿಲ್ಲ, ನಾಲ್ಕನೆಯ ದಿನ ವಿಮಾನದ ಕೆಲಸ ಬಿಟ್ಟರು.

ಕರಾರುಪತ್ರ ಬಂತು. ಅದನ್ನು ಓದಿಕೊಟ್ಟವರು ನಮಗೆ ಪರಿಚಯದ ವಕೀಲರು. ಬೆಂಗಳೂರಿನವರು, ಕ್ವೀನ್ಸ್‌ಬರಿಯಲ್ಲಿ ಮನೆ, ದೊಡ್ಡ ಕಂಪನಿಗಳ ವ್ಯಾಜ್ಯ ನೋಡುವವರು. ನಮ್ಮಂಥವರ ಕಾಗದವನ್ನು ಊಟದ ಋಣಕ್ಕಾಗಿ ಓದುತ್ತಿದ್ದರು. ಅವರು ಕೊನೆಯಲ್ಲಿ ಒಂದು ಕಲಮನ್ನು ತಾವೇ ಸೇರಿಸಿದರು. ಮುಂದೆ ಏನಾದರೂ ತಕರಾರು ಬಂದರೆ ಆ ಸರಕಾರ ತನಗಿರುವ ವಿನಾಯಿತಿಯನ್ನು ಬಿಟ್ಟುಕೊಡುತ್ತದೆ, ಇಲ್ಲಿನ ಕೋರ್ಟು ಹೇಳಿದ್ದನ್ನು ಪಾಲಿಸುತ್ತದೆ ಎಂಬುದು ಅದರ ಸಾರಾಂಶ. ಎಂಥ ವಿನಾಯಿತಿ ಎಂದು ಕೇಳಿದೆ. "ಅವ್ರು ಸರ್ಕಾರ ಅಲ್ವಾ ಮೇಡಂ, ಅವ್ರನ್ನ ನಮ್ಮನಿಮ್ಮ ಥರ ಹಿಡಿಯೋಕಾಗಲ್ಲ. ಇಮ್ಯುನಿಟಿ ಅಂತಾರೆ. ಇದೊಂದು ಲೈನ್ ಇದ್ರೆ ಸೇಫ್," ಎಂದರು. ಆಗ ಅರ್ಥವಾಯಿತು ಎಂದುಕೊಂಡೆ.

ಸಹಿ ಹಾಕುವ ದಿನವನ್ನು ಅತ್ತೆಯೇ ಪಂಚಾಂಗ ನೋಡಿ ಗೊತ್ತುಮಾಡಿದ್ದರು. ರಾಹುಕಾಲ ಕಳೆದ ಮೇಲೆ, ಇಳಕಲ್ ಸೀರೆ ಉಟ್ಟು, ಕುಂಕುಮದ ಭರಣಿ ಹಿಡಿದುಕೊಂಡು ಬಂದಿದ್ದರು. ಮುಖ್ಯಸ್ಥರ ಕೋಣೆಯಲ್ಲಿ ವಕೀಲರು ಒಂದೊಂದೇ ಕಲಮನ್ನು ಓದಿ ನಮಗೆ ಕನ್ನಡದಲ್ಲಿ ಹೇಳುತ್ತಿದ್ದರು. ಕೊನೆಯದು ಬಂದಾಗ ಅತ್ತೆ ಕೈ ಎತ್ತಿದರು.

"ಜಗಳ ಆದ್ರ ಅಂತ ಯಾಕ ಬರದೀರಿ? ಜಗಳ ಎಲ್ಲೆ ಆಗೇದ?"

"ಆಗಿಲ್ಲಮ್ಮ. ಆದ್ರೆ ಅಂತ."

"ಮದುವಿ ಮಾತುಕತಿಗೆ ಕೂತಾಗ ಯಾರರ ಗಂಡ ಹೆಂಡ್ತಿ ಬಿಡೂ ಸೋಡಚೀಟಿ ಮಾತು ತಗೀತಾರೇನ್ರಿ? ಮುಹೂರ್ತದಾಗ ಇಂಥಾ ಅಪಶಕುನ ಬ್ಯಾಡ. ತಗದ ಹಾಕ್ರಿ."

ವಕೀಲರು ನನ್ನ ಗಂಡನ ಮುಖ ನೋಡಿದರು. ಗಂಡ ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿದ್ದ ಆ ದೇಶದ ಅಧ್ಯಕ್ಷರ ಫೋಟೊ ನೋಡಿದೆ. ಮುಖ್ಯಸ್ಥರು ಏನು ಸಮಾಚಾರ ಎಂದು ವಿಚಾರಿಸಿದರು. ಅತ್ತೆಯ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅವರು ಮನಸಾರೆ ನಕ್ಕು, ನಮ್ಮ ಕಡೆಯೂ ಹಿರಿಯರು ಹೀಗೇ ಎಂದು ತಾವೇ ಪೆನ್ನು ತೆಗೆದು ಆ ಕಲಮಿನ ಮೇಲೆ ಗೆರೆ ಎಳೆದರು. ಗೆರೆಯ ಪಕ್ಕಕ್ಕೆ ಎರಡೂ ಕಡೆಯವರು ಸಹಿ ಮಾಡಿದೆವು. ಅತ್ತೆ ಕಾಗದಕ್ಕೆ ಕುಂಕುಮ ಹಚ್ಚಿದರು.

ಕೆಲಸ ಚೆನ್ನಾಗಿಯೇ ನಡೆಯಿತು. ಒರಳನ್ನೂ ಅಲ್ಲಿಗೇ ಸಾಗಿಸಿದೆವು, ಪಕ್ಕದ ಮನೆಯವರು ನಮಗೆ ಕ್ರಿಸ್‌ಮಸ್ ಕೇಕು ಕೊಟ್ಟರು. ನೆಲಮಾಳಿಗೆಯ ನುಣುಪು ನೆಲದ ಮೇಲೆ ಅದು ರುಬ್ಬುವಾಗ ಜಾರುತ್ತಿತ್ತು. ಕಚೇರಿಯ ರಿಪೇರಿಯವನು ಸಿಮೆಂಟು ಹಾಕಿ ಅದನ್ನು ಮೂಲೆಯಲ್ಲಿ ಕೂರಿಸಿದ. ವಾರಕ್ಕೆರಡು ದಿನ ಅತ್ತೆ ನಮ್ಮೊಡನೆ ರೈಲಿನಲ್ಲಿ ವಾಟರ್‌ಲೂಗೆ ಬಂದು, ಅಲ್ಲಿಂದ ಬಸ್ಸು ಹಿಡಿದು, ಒಂದು ಸರಕಾರದ ನೆಲಮಾಳಿಗೆಯಲ್ಲಿ ಕಾಲು ಚಾಚಿ ಕುಳಿತು ಹೂರಣ ರುಬ್ಬುತ್ತಿದ್ದರು. ಅವರು ಅಷ್ಟು ಸುಖವಾಗಿದ್ದುದನ್ನು ಈ ದೇಶದಲ್ಲಿ ನಾನು ಬೇರೆಲ್ಲೂ ಕಂಡಿಲ್ಲ.

ಹಿರಿಯ ಮುಖ್ಯಸ್ಥರಿಗೆ ವರ್ಗವಾಯಿತು. ಹೊಸಬರು ಬಂದರು. ತೆಳ್ಳಗಿನ ಮನುಷ್ಯ, ನಕ್ಕರೂ ಬೇಗ ಮುಗಿಸಿಬಿಡುತ್ತಿದ್ದರು. ಇಂಗಿನ ಒಗ್ಗರಣೆಯ ವಾಸನೆ ಮೂರನೆಯ ಮಹಡಿಯ ತನಕ ಬರುತ್ತದೆ, ಬಂದ ಅತಿಥಿಗಳ ಕೋಟಿಗೆ ಹತ್ತುತ್ತದೆ ಎಂದು ಎರಡು ಸಲ ಹೇಳಿದರು. ಮೂರನೆಯ ಸಲ ಹೇಳಲಿಲ್ಲ. ಒಂದು ಸೋಮವಾರ ಹೋದರೆ ಅಡುಗೆಮನೆಗೆ ಬೇರೆ ಬೀಗ. ಕರಾರಿನ ಅವಧಿ ಇನ್ನೂ ಇತ್ತು, ಆದರೆ ಇನ್ನು ನಿಮ್ಮ ಸೇವೆ ಬೇಡವಂತೆ. ನಮ್ಮ ಪಾತ್ರೆ ಪರಡಿಗಳನ್ನೆಲ್ಲ ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ ಬಾಗಿಲಲ್ಲಿ ಇಟ್ಟಿದ್ದರು. ಒರಳು ಇರಲಿಲ್ಲ. ನೆಲಕ್ಕೆ ಕೂರಿಸಿದ್ದು ಕಟ್ಟಡಕ್ಕೆ ಸೇರಿತು ಎಂದು ಕರಾರಿನಲ್ಲಿದೆ ಎಂದರು. ಗುಂಡನ್ನಾದರೂ ಕೊಡಿ, ಅದನ್ನು ಯಾರೂ ನೆಲಕ್ಕೆ ಕೂರಿಸಿಲ್ಲ ಎಂದು ನನ್ನ ಗಂಡ ಕೂಗಿದರು. ಎರಡೂ ಸೇರಿ ಒಂದೇ ವಸ್ತು ಎಂಬ ಉತ್ತರ ಬಂತು.

ಅವತ್ತೇ ಸಂಜೆ ವಕೀಲರ ಮನೆಗೆ ಹೋದೆವು. ಅವರು ವಿವರಿಸಿದ್ದನ್ನು ನಾನು ಈಗಲೂ ಒಂದು ತುದಿಯಿಂದ ಹಿಡಿದರೆ ಇನ್ನೊಂದು ತುದಿ ಕೈತಪ್ಪುತ್ತದೆ.

"ಕೇಸ್ ಹಾಕ್ಬಹುದು ಸಾರ್. ಇದು ವ್ಯಾಪಾರದ ಕಾಂಟ್ರ್ಯಾಕ್ಟು, ಇಂಥದ್ರಲ್ಲಿ ಸರ್ಕಾರಕ್ಕೂ ಇಮ್ಯುನಿಟಿ ಇಲ್ಲ. ಗೆದ್ರೂ ಗೆಲ್ತೀವಿ."

"ಗೆದ್ದರ ಕಲ್ಲು ಬರ್ತದ?" ಎಂದರು ಅತ್ತೆ.

"ಕಲ್ಲು ಬರಲ್ಲಮ್ಮ. ಪರಿಹಾರ ಕೊಡಿ ಅಂತ ಕೋರ್ಟು ಹೇಳ್ಬಹುದು. ಇಂಥ ವಸ್ತು ವಾಪಸ್ ಕೊಡಿ ಅಂತ ಇನ್ನೊಂದು ದೇಶಕ್ಕೆ ಆರ್ಡರ್ ಮಾಡೋ ಹಾಗಿಲ್ಲ. ಆ ಕಟ್ಟಡ ರಾಯಭಾರ ಕಚೇರಿಗೆ ಸೇರಿದ್ದು, ಒಳಗೆ ಯಾರೂ ಕಾಲಿಡೋ ಹಾಗೂ ಇಲ್ಲ. ಅವ್ರೇ ಬರೆದು ಒಪ್ಪಿದ್ರೆ ಮಾತ್ರ."

"ಹಂಗಾದ್ರ ಬರದ ಒಪ್ಪಸ್ರಿ."

ವಕೀಲರು ಕರಾರಿನ ಕೊನೆಯ ಪುಟ ತಿರುವಿ ತೋರಿಸಿದರು. "ಒಪ್ಪಿದ್ರು ಅಮ್ಮ. ನಾವೇ ಗೆರೆ ಎಳೆಸಿದ್ವಿ."

ಮನೆಗೆ ಬರುವಾಗ ಕಾರಿನಲ್ಲಿ ನನ್ನ ಗಂಡ ಸಿಗ್ನಲ್ಲಿನ ಮೇಲೆ, ಮಳೆಯ ಮೇಲೆ, ಮುಂದಿನ ಬಸ್ಸಿನ ಮೇಲೆ ರೇಗುತ್ತಿದ್ದರು. ಅವ್ವನ ಮೇಲೆ ರೇಗಲು ಧೈರ್ಯ ಸಾಲದೆ ಊರ ಮೇಲೆಲ್ಲ ರೇಗಿದರು. ನನಗೆ ಮಾತ್ರ ಒಂದೇ ಯೋಚನೆ. ಗೆಲ್ಲಬಹುದು ಆದರೆ ಸಿಗುವುದಿಲ್ಲ ಎಂದರೆ ಅದು ಎಂಥ ಗೆಲುವು? ಹಾಗಾದರೆ ಸೋತವರಿಗೆ ಏನಾಗುತ್ತದೆ?

ಪತ್ರ ಬರೆದೆವು. ಉತ್ತರಗಳು ಬಂದವು, ದಪ್ಪ ಕಾಗದದಲ್ಲಿ, ಲಾಂಛನ ಒತ್ತಿಸಿಕೊಂಡು. ಪ್ರತಿಯೊಂದರ ಕೊನೆಗೂ ಒಂದೇ ವಾಕ್ಯ: ಈ ಪತ್ರದಿಂದ ತಮ್ಮ ಸರಕಾರ ಯಾವ ವಿನಾಯಿತಿಯನ್ನೂ ಬಿಟ್ಟುಕೊಟ್ಟಂತೆ ಆಗುವುದಿಲ್ಲ. ಹೊಸ ವರ್ಷಕ್ಕೆ ಶುಭಾಶಯದ ಕಾರ್ಡೂ ಬಂತು, ನಮ್ಮ ಹೆಸರನ್ನು ಅವರ ಪಟ್ಟಿಯಿಂದ ತೆಗೆಯಲು ಮರೆತಿದ್ದರೆಂದು ಕಾಣುತ್ತದೆ. ಅದರಲ್ಲೂ ಆ ವಾಕ್ಯ ಇದೆಯೇ ಎಂದು ನಾನು ಹಿಂದುಮುಂದು ತಿರುಗಿಸಿ ನೋಡಿದೆ. ನನ್ನ ಗಂಡ ವಿಮಾನದ ಅಡುಗೆಮನೆಗೆ ಮರಳಿ ಹೋದರು. ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುವುದು ಸಾಕು ಎಂದುಕೊಂಡು ಒರಳಿನ ಮಾತು ಬಿಡುವವರಿದ್ದೆವು. ಅಷ್ಟರಲ್ಲಿ ಮದುವೆಯಾಗಿ ಬೇರೆ ಮನೆ ಮಾಡಿದ್ದ ನಮ್ಮ ಮಗಳು ಬಸುರಾದಳು.

ನಮ್ಮ ಕಡೆ ಕೂಸನ್ನು ಮೊದಲ ಸಲ ತೊಟ್ಟಿಲಿಗೆ ಹಾಕುವ ದಿನ, ಕೂಸಿಗಿಂತ ಮುಂಚೆ ರುಬ್ಬುವ ಗುಂಡನ್ನು ತೊಟ್ಟಿಲಿಗೆ ಹಾಕುತ್ತಾರೆ. ಅದಕ್ಕೆ ಎಣ್ಣೆ ಹಚ್ಚಿ ನೀರೆರೆದು, ಕುಂಚಿಗೆ ಕಟ್ಟಿ, ಕಾಡಿಗೆಯ ಬೊಟ್ಟಿಟ್ಟು, ಗುಂಡಪ್ಪ ಎಂದು ಕರೆದು, ತೊಟ್ಟಿಲಿನ ಕೆಳಗಿನಿಂದ ಮೇಲಿನಿಂದ ಒಬ್ಬರು ಇನ್ನೊಬ್ಬರ ಕೈಗೆ ದಾಟಿಸುತ್ತಾರೆ. ಕೂಸು ಕಲ್ಲಿನಂತೆ ಗಟ್ಟಿಯಾಗಿ ಬಾಳಲಿ ಎಂದು. ಆ ಗುಂಡು ಅತ್ತೆಯ ಮುಂಚೆ ತೊಟ್ಟಿಲಲ್ಲಿ ಮಲಗಿತ್ತು, ನನ್ನ ಗಂಡನ ಮುಂಚೆ, ನನ್ನ ಮಗಳ ಮುಂಚೆ. ಅತ್ತೆಯ ಎರಡು ಕೂಸುಗಳು ಅದಿಲ್ಲದೆ ಬೇರೆ ಊರಿನಲ್ಲಿ ಹುಟ್ಟಿ, ವರ್ಷ ತುಂಬುವ ಮುಂಚೆ ಹೋಗಿದ್ದವು. ಅವುಗಳ ಮಾತನ್ನು ಅವರು ಎಂದೂ ಆಡಿದವರಲ್ಲ. ಆ ತಿಂಗಳು ಆಡಿದರು.

ಕ್ವೀನ್ಸ್‌ಬರಿಯಲ್ಲಿದ್ದ ಮಗಳು ಫೋನಿನಲ್ಲಿ ಇಂಗ್ಲಿಷಿನಲ್ಲಿ ಸಮಾಧಾನ ಹೇಳಿದಳು, ಯಾವ ಕಲ್ಲಾದರೂ ನಡೆಯುತ್ತದೆ ಅಜ್ಜಿ, ಗಾರ್ಡನ್ ಸೆಂಟರಿನಲ್ಲಿ ಚೆಂದದವು ಸಿಗುತ್ತವೆ ಎಂದು. ನಾನು ಸೌತ್‌ಹಾಲ್‌ನ ಬ್ರಾಡ್‌ವೇಯಲ್ಲಿ ಹುಡುಕಿ ಮಸಾಲೆ ಅರೆಯುವ ಒಂದು ಹೊಸ ಗುಂಡು ತಂದೆ. ಅತ್ತೆ ಅದನ್ನು ಕೈಯಲ್ಲಿ ಹಿಡಿದು ನೋಡಿ ಮೇಜಿನ ಮೇಲಿಟ್ಟರು. "ಇದಕ್ಕ ನಮ್ಮವರ ಯಾರದೂ ಗುರುತಿಲ್ಲಲ್ಲ," ಎಂದರು. ನನಗೆ ಸಿಟ್ಟು ಬಂತು, ಅಳುವೂ ಬಂತು. ಕಲ್ಲಿಗೆ ಗುರುತು ಹಿಡಿಯಲು ಬರುತ್ತದೆಯೇ ಎಂದು ಕೇಳಬೇಕೆಂದುಕೊಂಡೆ.

ಮಗಳು ಗಂಡುಕೂಸು ಹೆತ್ತಳು. ತೊಟ್ಟಿಲ ಕಾರ್ಯದ ಹಿಂದಿನ ದಿನ ಬೆಳಿಗ್ಗೆ ಅತ್ತೆ ಇಳಕಲ್ ಸೀರೆ ಉಟ್ಟು, ಸಂತೆಗೆ ಒಯ್ಯುವ ಗಾಲಿಚೀಲ ಹಿಡಿದು ನಿಂತಿದ್ದರು. "ನಡಿ, ಕೇಳಿಬರೋಣು," ಎಂದರು. ವಕೀಲರನ್ನು ಕೇಳೋಣ ಎಂದೆ. "ವಕೀಲರ ಹತ್ರ ಕಲ್ಲ ಅದ ಏನು?"

ಕಚೇರಿಯ ಬಾಗಿಲಲ್ಲಿ ಹೆಸರು ಹೇಳಿದಾಗ ಒಳಗೆ ಬಿಡಲಿಲ್ಲ. ಮೆಟ್ಟಿಲ ಮೇಲೆಯೇ ನಿಂತೆವು. ಬಹಳ ಹೊತ್ತಿನ ಮೇಲೆ ಹೊಸ ಮುಖ್ಯಸ್ಥರೇ ಇಳಿದು ಬಂದರು. ಅತ್ತೆ ಕನ್ನಡದಲ್ಲಿ, ನಾನು ಇಂಗ್ಲಿಷಿನಲ್ಲಿ.

"ಒಳ್ಳು ಬ್ಯಾಡ ಅನ್ನು. ಗುಂಡ ಸಾಕು. ಒಂದ ದಿನಕ್ಕ ಕಡಾ ಕೊಡ್ರಿ ಅನ್ನು."

ನಮ್ಮದೇ ಕಲ್ಲನ್ನು ಕಡ ಕೇಳುವುದೇ? ಅತ್ತೆ ಮೊಣಕೈಯಿಂದ ತಿವಿದರು. ಹೇಳಿದೆ. ಯಾತಕ್ಕೆ ಎಂದು ಅವರು ಕೇಳಿದರು. ಕೂಸಿನ ತೊಟ್ಟಿಲಿಗೆ ಹಾಕಲು ಎಂದೆ. ಅವರು ಗಾಬರಿಯಾಗಿ ನನ್ನನ್ನೂ ಅತ್ತೆಯನ್ನೂ ಗಾಲಿಚೀಲವನ್ನೂ ನೋಡಿದರು. ಎಲ್ಲ ಬಿಡಿಸಿ ಹೇಳಿದೆ. ಅತ್ತೆಯ ಆ ಎರಡು ಕೂಸುಗಳ ಸಂಗತಿ ಹೇಳುವುದು ಬೇಡವೆಂದುಕೊಂಡಿದ್ದೆ, ಅದೂ ಬಾಯಿಗೆ ಬಂತು. ಅವರು ಒಳಗೆ ಹೋದರು.

ಅವರು ಹೊರಗೆ ಬಂದಾಗ ಹಿಂದೆ ಕಚೇರಿಯ ಆಳೊಬ್ಬ ಗುಂಡನ್ನು ಟೀ ಟವೆಲಿನಲ್ಲಿ ಸುತ್ತಿ ಹೊತ್ತಿದ್ದ. ಮುಖ್ಯಸ್ಥರ ಕೈಯಲ್ಲಿ ಒಂದು ಕಾಗದ. ಈ ಕಲ್ಲು ತಮ್ಮ ಸರಕಾರದ ಸ್ವತ್ತು, ಸೌಜನ್ಯಕ್ಕಾಗಿ ಒಂದು ದಿನದ ಮಟ್ಟಿಗೆ ಕೊಡಲಾಗಿದೆ, ಇದರಿಂದ ಯಾವ ವಿನಾಯಿತಿಯನ್ನೂ ಬಿಟ್ಟುಕೊಟ್ಟಂತೆ ಆಗುವುದಿಲ್ಲ. ಓದಿ ಅತ್ತೆಗೆ ಹೇಳಿದೆ. ಸಹಿ ಹಾಕಬೇಡಿ, ಮೊದಲು ಫೋನ್ ಮಾಡೋಣ ಎಂದೆ. ಅವರು ಪೆನ್ನು ಇಸಿದುಕೊಂಡು ಮೆಟ್ಟಿಲ ಕಟ್ಟೆಯ ಮೇಲೆ ಕಾಗದವಿಟ್ಟು, ಒಂದೊಂದೇ ಅಕ್ಷರ ಬಿಡಿಬಿಡಿಯಾಗಿ, ಕನ್ನಡದಲ್ಲಿ ಸಹಿ ಮಾಡಿದರು.

ತೊಟ್ಟಿಲ ಕಾರ್ಯ ಮಗಳ ಫ್ಲ್ಯಾಟಿನಲ್ಲಿ ಆಯಿತು. ಗುಂಡಪ್ಪನಿಗೆ ಅತ್ತೆಯೇ ಕುಂಚಿಗೆ ಕಟ್ಟಿದರು. ಕಲ್ಲನ್ನು ದಾಟಿಸಿ, ಕೂಸನ್ನು ದಾಟಿಸಿ, ಕಿವಿಯಲ್ಲಿ ಹೆಸರು ಹೇಳಿ, ಎಲ್ಲರಿಗೂ ಗುಗ್ಗರಿ ಹಂಚಿದೆವು. ಇಂಗ್ಲಿಷಿನಲ್ಲಿ ನಗುತ್ತಿದ್ದ ಮಗಳೂ ಆ ಗಳಿಗೆಯಲ್ಲಿ ಅಜ್ಜಿಯ ತೋಳು ಹಿಡಿದು ನಿಂತಿದ್ದಳು.

ಊಟಕ್ಕೆ ಕುಳಿತಾಗ ವಕೀಲರು ಗುಂಡಪ್ಪನನ್ನು ನೋಡಿ ಹೋಳಿಗೆ ಕೈಯಲ್ಲೇ ಹಿಡಿದು ಎದ್ದುನಿಂತರು. ಕಾಗದದ ಸಂಗತಿ ಕೇಳಿ ಮೊದಲು ತಲೆ ಚಚ್ಚಿಕೊಂಡರು, ಆಮೇಲೆ ಮುಖ ಅರಳಿತು.

"ಕೊಡ್ಬೇಡಿ! ವಾಪಸ್ ಕೊಡ್ಲೇಬೇಡಿ. ಅವ್ರಿಗೆ ಬೇಕಾದ್ರೆ ಕೋರ್ಟಿಗೆ ಬರ್ಲಿ. ತಾವಾಗೇ ಬಂದ್ರೆ ಇಮ್ಯುನಿಟಿ ಬಿಟ್ಟು ಬಂದ ಹಾಗೆ. ಆಗ ನಾವು ಒರಳಿನದೂ ಕೇಳ್ಬಹುದು, ಕಾಂಟ್ರ್ಯಾಕ್ಟಿಂದೂ ಕೇಳ್ಬಹುದು."

"ಹೌದಲ್ಲ!" ಎಂದರು ನನ್ನ ಗಂಡ. ಎಷ್ಟೋ ತಿಂಗಳ ಮೇಲೆ ಅವರ ಮುಖದಲ್ಲಿ ಬೆಳಕು ಕಂಡೆ.

"ನಾಳೆ ಒಯ್ದು ಕೊಡಬೇಕು," ಎಂದರು ಅತ್ತೆ.

"ಅವ್ವಾ, ಅದು ನಮ್ಮದು!"

"ನಮ್ಮದ ಖರೆ. ಆದ್ರ ತಂದದ್ದು ಕಡಾ."

"ಕೊಟ್ಟಾಂವ ಕೋಡಂಗಿ, ಇಸಗೊಂಡಾಂವ ಈರಭದ್ರ ಅಂತಾರಲ್ಲ, ನಾವು ಯಾವಾಗಲೂ ಕೋಡಂಗೀನ ಆಗಬೇಕೇನು?"

"ಅವರನ್ನ ಕೋರ್ಟು ಹಿಡ್ಯಾಂಗಿಲ್ಲ, ಪೊಲೀಸ್ರು ಹಿಡ್ಯಾಂಗಿಲ್ಲ ಅಂತ ಇವರ ಹೇಳ್ತಾರ. ಆದ್ರೂ ಕೇಳಿದಕೂಡ್ಲೆ ಕೊಟ್ಟ್ರಲ್ಲೋ. ನನ್ನ ಮಾತಿನ ಮ್ಯಾಲೆ ಕೊಟ್ಟಾರ."

ಯಾರದು ಸರಿ? ಆ ರಾತ್ರಿ ಗಂಡನ ಮಾತು ಕೇಳುವಾಗ ಅವರದು ಸರಿ ಎನಿಸಿತು, ಅತ್ತೆ ಗುಂಡನ್ನು ಸೀಗೆಪುಡಿ ಹಾಕಿ ತೊಳೆಯುವುದನ್ನು ಕಂಡಾಗ ಅವರದು. ಬೆಳಿಗ್ಗೆ ಗಾಲಿಚೀಲ ಎಳೆದುಕೊಂಡು ಅತ್ತೆಯ ಜೊತೆ ಹೊರಟವಳು ಮಾತ್ರ ನಾನು, ಯಾಕೆಂದರೆ ಅತ್ತೆಗೆ ಒಬ್ಬರಿಗೇ ಅದನ್ನು ರೈಲು ಹತ್ತಿಸಲು ಆಗುತ್ತಿರಲಿಲ್ಲ.

ಕಡ ತಂದದ್ದನ್ನು ಬರಿದಾಗಿ ಮರಳಿಸಬಾರದಲ್ಲ, ಗುಂಡಿನ ಜೊತೆಗೆ ಒಂದು ಸ್ಟೀಲಿನ ಡಬ್ಬಿಯಲ್ಲಿ ಗುಗ್ಗರಿ, ಹೋಳಿಗೆ ಇದ್ದವು. ಮುಖ್ಯಸ್ಥರು ಬಾಗಿಲಿಗೆ ಬಂದರು. ನಾವು ಬರುತ್ತೇವೆಂದು ಅವರು ಎಣಿಸಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು. ಡಬ್ಬಿಯನ್ನು ಖಾಲಿ ಮಾಡಿ ಈಗಲೇ ಕೊಡಿಸುತ್ತೇನೆ ಎಂದಾಗ ಅತ್ತೆ ತಡೆದರು. "ನಮ್ಮಲ್ಲೆ ಖಾಲಿ ಡಬ್ಬಿ ಕೊಡಂಗಿಲ್ಲ ಅನ್ನು. ಯಾವಾಗರ ಏನರ ಹಾಕಿ ಕೊಡ್ರಿ ಅನ್ನು." ಹೇಳಿದೆ. ಅವರು ತಲೆಯಾಡಿಸಿದರು. ಡಬ್ಬಿಯ ತಳದಲ್ಲಿ ನನ್ನ ಹೆಸರು ಕೊರೆಸಿತ್ತು. ಅದೂ ಒಂದು ಸರಕಾರದ ಪಾಲಾಯಿತಲ್ಲ ಎಂದುಕೊಂಡು ಬಸ್ಸು ಹತ್ತಿದೆ.

ವಕೀಲರು ಒಂದಷ್ಟು ದಿನ ನಮ್ಮ ಮನೆಗೆ ಬರಲಿಲ್ಲ. ಕೇಸು ಹಾಕಲೇ ಇಲ್ಲ. ಅದರ ಖರ್ಚಿನ ಮಾತು ಬಂದಾಗಲೆಲ್ಲ ನನ್ನ ಗಂಡ ಟಿವಿಯ ದನಿ ಏರಿಸುತ್ತಿದ್ದರು. ಕೂಸು ಬೆಳೆಯಿತು, ಶಾಲೆಗೆ ಹೋಯಿತು. ಹೊಸ ಶತಮಾನ ಬಂತು.

ಮಗಳು ಎರಡನೆಯ ಸಲ ಬಸುರಾಗಿದ್ದಾಗ ಒಂದು ಬೆಳಿಗ್ಗೆ ಮನೆ ಮುಂದೆ ವ್ಯಾನ್ ನಿಂತಿತು. ಇಬ್ಬರು ಸೇರಿ ಒರಳನ್ನು ಇಳಿಸಿದರು. ಬುಡಕ್ಕೆ ಒಡೆದ ಸಿಮೆಂಟು ಇನ್ನೂ ಅಂಟಿಕೊಂಡಿತ್ತು. ಕಚೇರಿ ಮುಚ್ಚಿ ಕಟ್ಟಡ ಖಾಲಿ ಮಾಡುತ್ತಿದ್ದಾರೆ ಎಂದರು. ಒರಳಿನ ಕುಳಿಯಲ್ಲಿ ನನ್ನ ಸ್ಟೀಲಿನ ಡಬ್ಬಿ. ಮುಚ್ಚಳ ತೆಗೆದರೆ ತುಂಬ ಒಣ ಅಂಜೂರ, ಒಂದರ ಮೇಲೊಂದು ಒತ್ತಿ ಜೋಡಿಸಿದ್ದು.

ನಾನು ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟೆ. ಅತ್ತೆಗೆ ಆಶ್ಚರ್ಯವೇ ಆಗಲಿಲ್ಲ. ಕೋಲೂರಿಕೊಂಡು ಬಂದು, ಡಬ್ಬಿಯನ್ನು ನನ್ನ ಮಡಿಲಿಗಿಟ್ಟು, ಕುಳಿಯೊಳಗೆ ಕೈಹಾಕಿ ಸುತ್ತ ಆಡಿಸಿದರು. ಬಗ್ಗಿ ವ್ಯಾನಿನೊಳಗೆ ನೋಡಿದರು.

"ಗುಂಡ ಎಲ್ಲೆ?"

ಇಳಿಸಿದವನು ಚೀಟಿ ತೋರಿಸಿದ. ಒರಳು ಒಂದು, ಡಬ್ಬಿ ಒಂದು. ಕೆಳಗೆ ಆ ವಿನಾಯಿತಿಯ ವಾಕ್ಯ. ನಾನು ಫೋನ್ ಹಚ್ಚಿದೆ. ಯಾರೋ ಹುಡುಗಿ ಕಡತ ತೆಗೆಸಿ ನೋಡಿ ಹೇಳಿದಳು. ಒರಳಿನ ಬಗ್ಗೆ ತಕರಾರು ಇತ್ತು, ಹಾಗಾಗಿ ಗುಂಡು ಕಡ ಕೊಟ್ಟಿದ್ದ ಮುಖ್ಯಸ್ಥರು ಇಲ್ಲಿಂದ ಹೋಗುವ ಮುಂಚೆ ಅದನ್ನು ಬಿಟ್ಟುಕೊಡಿ ಎಂದು ಬರೆದಿದ್ದಾರೆ. ಗುಂಡಿನ ಬಗ್ಗೆ ತಕರಾರೇ ಇಲ್ಲ. ಅದು ಸರಕಾರದ್ದು ಎಂದು ನಿಮ್ಮ ಕಡೆಯವರೇ ಸಹಿ ಮಾಡಿಕೊಟ್ಟ ಕಾಗದವಿದೆ. ಅದು ಉಳಿದ ಸಾಮಾನಿನ ಜೊತೆ ತಮ್ಮ ದೇಶದ ರಾಜಧಾನಿಗೆ ಹೋಗಿಯಾಗಿದೆ.

ಫೋನ್ ಇಟ್ಟು ಅತ್ತೆಗೆ ಹೇಳಬೇಕಾದದ್ದನ್ನು ಹೇಳಿದೆ. ಕೋಪ ಯಾರ ಮೇಲೆ ಮಾಡಿಕೊಳ್ಳಲಿ? ಅಂಜೂರ ಕಳಿಸಿದವರ ಮೇಲೆಯೇ? ನನ್ನ ಗಂಡ ಕೇಳಿ, ನಾನು ಅವತ್ತೇ ಹೇಳಿದ್ದೆ ಎನ್ನಲು ಬಾಯಿ ತೆರೆದು, ಅವ್ವನ ಮುಖ ನೋಡಿ ಮುಚ್ಚಿದರು.

ಅತ್ತೆ ಒರಳಿನ ಅಂಚನ್ನು ಸೆರಗಿನಿಂದ ಒರೆಸುತ್ತಿದ್ದರು. ಎರಡನೆಯ ಕೂಸಿಗೆ ಇನ್ನು ಎರಡು ತಿಂಗಳಿತ್ತು. ಒರೆಸುತ್ತಲೇ ಹೇಳಿದರು.

"ಒಂದ ದಿನಕ್ಕ ಅಂತ ನಾನ ಕೇಳಿದ್ದೆ. ಒಂದ ದಿನ ಕೊಟ್ಟ್ರು."

ಆಮೇಲೆ ಕೈ ಮುಂದೆ ಚಾಚಿ ಅಂಜೂರದ ಡಬ್ಬಿ ಕೇಳಿದರು.